ಮಸಲ್ ಕಾರು ತಿರುವಿನಲ್ಲಿ ನಿಲ್ಲಬೇಕಾದರೆ: ಹಳೆಯ ಟ್ರಾನ್ಸ್-ಆ್ಯಮ್ ಕಾರುಗಳ ಚಾಸಿ, ಸಸ್ಪೆನ್ಷನ್, ಚಕ್ರ

ಅಮೆರಿಕದ ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಶಕ್ತಿಶಾಲಿ ಕಾರು, ನೇರ ರಸ್ತೆಯಲ್ಲಿ ಹುಲಿ, ತಿರುವು ಬಂದರೆ ಮುಗ್ಗರಿಸುತ್ತದೆ ಎಂಬ ಮಾತಿದೆ. 1960ರ ದಶಕದಲ್ಲಿ ಶೋರೂಮಿನಿಂದ ಹೊರಬಂದ ಕಾರಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ 1966ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ ಎಸ್‌ಸಿಸಿಎ ಶುರುಮಾಡಿದ ಟ್ರಾನ್ಸ್-ಆ್ಯಮ್ ರೇಸ್ ಸರಣಿಯಲ್ಲಿ ಇವೇ ಫೋರ್ಡ್ ಮಸ್ಟ್ಯಾಂಗ್, ಷೆವ್ರೊಲೆ ಕ್ಯಾಮರೊ, ಎಎಂಸಿ ಜಾವೆಲಿನ್‌ಗಳು ಲೈಮ್ ರಾಕ್, ಮಿಡ್-ಒಹಾಯೊ, ಲಗೂನಾ ಸೆಕಾದಂಥ ಏರಿಳಿತ ತಿರುವುಗಳ ಟ್ರ್ಯಾಕ್‌ಗಳಲ್ಲಿ ಓಡಿದವು. ದೊಡ್ಡ ಕಾರುಗಳ ವರ್ಗದಲ್ಲಿ ಎಂಜಿನ್ 5 ಲೀಟರ್ ದಾಟುವಂತಿರಲಿಲ್ಲ. ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇದ್ದಾಗ ಗೆಲುವು ನಿರ್ಧಾರವಾಗುತ್ತಿದ್ದದ್ದು ಬಾನೆಟ್ಟಿನ ಕೆಳಗಲ್ಲ, ಕಾರಿನ ಹೊಟ್ಟೆಯ ಕೆಳಗೆ. 1968 ಮತ್ತು 69ರಲ್ಲಿ ಪೆನ್‌ಸ್ಕಿ ತಂಡದ ಕ್ಯಾಮರೊ ಓಡಿಸಿದ ಮಾರ್ಕ್ ಡೊನೊಹ್ಯೂ ಸ್ವತಃ ಎಂಜಿನಿಯರ್ ಆಗಿದ್ದದ್ದು ಕಾಕತಾಳೀಯವೇನಲ್ಲ. 1970ರಲ್ಲಿ ಬಡ್ ಮೂರ್ ತಂಡದ ಬಾಸ್ 302 ಮಸ್ಟ್ಯಾಂಗ್, 71–72ರಲ್ಲಿ ಜಾವೆಲಿನ್ ಗೆದ್ದವು.

ಆ ಕಾಲದ ಕಾರುಗಳು, ಅವುಗಳ ಮಾದರಿಯಲ್ಲಿ ಕಟ್ಟಿದ ಕಾರುಗಳು ಇಂದಿಗೂ ಅಮೆರಿಕದ ವಿಂಟೇಜ್ ರೇಸ್‌ಗಳಲ್ಲಿ ಓಡುತ್ತಿವೆ. ಇಂಥ ಕಾರಿಗೆ ಕೈ ಹಾಕುವವರು ಮೊದಲು ಚಕ್ರ, ಟೈರ್ ಕೊಳ್ಳುತ್ತಾರೆ. ಆಮೇಲೆ ಗಟ್ಟಿ ಸ್ಪ್ರಿಂಗ್. ಸಸ್ಪೆನ್ಷನ್ನಿನ ಕೋನಗಳ ಯೋಚನೆ ಮೂರನೆಯದು. ಬಾಡಿ ತಿರುಚಿಕೊಳ್ಳುತ್ತಿದೆ ಎಂಬುದು ಕೊನೆಗೆ ಹೊಳೆಯುತ್ತದೆ. ಕೆಲಸ ಸಾಗಬೇಕಾದದ್ದು ಇದರ ತದ್ವಿರುದ್ಧ ಕ್ರಮದಲ್ಲಿ. ಬಾಡಿ ಅಲ್ಲಾಡದೆ ನಿಂತರೆ ಮಾತ್ರ ಕೋನಗಳಿಗೆ ಅರ್ಥ. ಕೋನ ಸರಿಯಿದ್ದರೆ ಮಾತ್ರ ಸ್ಪ್ರಿಂಗ್ ಆರಿಸಬಹುದು. ಇವು ಮೂರೂ ಕೂಡಿಬಂದ ಮೇಲೆ ಟೈರು ತನ್ನ ಕೆಲಸ ಮಾಡುತ್ತದೆ.

ತಗಡಿನ ಬಾಡಿಯೇ ಚಾಸಿ

ಈ ಕಾರುಗಳಿಗೆ ಲಾರಿಗಿರುವ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ಮಸ್ಟ್ಯಾಂಗ್‌ನಲ್ಲಿ ಮುಂದಿನ ಎರಡು ರೈಲುಗಳು (ಉದ್ದನೆಯ ಉಕ್ಕಿನ ತೊಲೆಗಳು) ಎಂಜಿನ್ ಹೊತ್ತುಕೊಂಡು ಬಂದು ಮುಂದಿನ ಸೀಟಿನ ಆಸುಪಾಸಿನಲ್ಲಿ ನೆಲದ ತಗಡಿಗೆ ಅಂಟಿ ಮುಗಿದುಹೋಗುತ್ತವೆ. ಹಿಂದಿನ ಎರಡು ರೈಲುಗಳು ಹಿಂದಿನ ಸೀಟಿನ ಕೆಳಗೆ ಶುರುವಾಗುತ್ತವೆ. ನಡುವೆ ಇರುವುದು ನೆಲದ ತಗಡು ಮತ್ತು ಬಾಗಿಲ ಕೆಳಗಿನ ರಾಕರ್ ಪೆಟ್ಟಿಗೆಗಳು ಮಾತ್ರ. ಕ್ಯಾಮರೊದ ಕಥೆ ಬೇರೆ: ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಇಡೀ ಸಬ್‌ಫ್ರೇಮ್ ಎಂಬ ಒಂದು ಬಿಡಿ ಚೌಕಟ್ಟಿನ ಮೇಲಿರುತ್ತದೆ, ಅದನ್ನು ರಬ್ಬರ್ ಬುಷ್‌ಗಳ ಮೂಲಕ ಬಾಡಿಗೆ ಬೋಲ್ಟ್ ಮಾಡಿರುತ್ತಾರೆ. ಮನೆಮಂದಿ ಓಡಾಡುವಾಗ ಸದ್ದು, ನಡುಕ ಒಳಗೆ ಬರದಿರಲಿ ಎಂದು ಮಾಡಿದ್ದು. ರೇಸ್‌ನಲ್ಲಿ ಅದೇ ರಬ್ಬರಿನಿಂದಾಗಿ ಮುಂದಿನ ಅರ್ಧ ಕಾರು ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ ಹೊರಳಲು ನೋಡುತ್ತವೆ.

ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯನ್ನು ಎರಡೂ ತುದಿ ಹಿಡಿದು ತಿರುಚಿದರೆ ಏನಾಗುತ್ತದೋ ತಿರುವಿನಲ್ಲಿ ಈ ಬಾಡಿಗೂ ಅದೇ ಆಗುತ್ತದೆ. ಪರೀಕ್ಷೆ ಸುಲಭ. ಮುಂದಿನ ಚಕ್ರದ ಹಿಂದೆ, ರೈಲಿನ ಗಟ್ಟಿ ಜಾಗದಲ್ಲಿ ಜಾಕ್ ಕೊಟ್ಟು ಒಂದೇ ಮೂಲೆ ಎತ್ತಿ. ಎತ್ತುತ್ತಿದ್ದಂತೆ ಆ ಬದಿಯ ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾದರೆ, ಅಥವಾ ತೆರೆದ ಬಾಗಿಲು ಮತ್ತೆ ಮುಚ್ಚಲು ಬಿಗಿಯಾದರೆ, ಬಾಡಿ ತಿರುಚಿಕೊಂಡಿದೆ. ಇಂಥ ಕಾರಿನಲ್ಲಿ ಮುಂದಿನ ಆ್ಯಂಟಿ-ರೋಲ್ ಬಾರನ್ನು, ಅಂದರೆ ಬಾಡಿ ವಾಲದಂತೆ ಎಡಬಲದ ಚಕ್ರಗಳನ್ನು ಜೋಡಿಸುವ ಸರಳನ್ನು, ಎಷ್ಟು ದಪ್ಪ ಮಾಡಿದರೂ ಚಾಲಕನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾರು ತಡೆದ ಬಲವನ್ನು ಬಾಡಿ ಬಾಗಿ ನುಂಗಿಬಿಡುತ್ತದೆ.

ಮಸ್ಟ್ಯಾಂಗ್‌ನ ಅತಿ ದುರ್ಬಲ ಜಾಗ ಶಾಕ್ ಟವರ್. ಈ ಕಾರಿನ ಮುಂದಿನ ಸ್ಪ್ರಿಂಗ್ ಕೂರುವುದು ಚಕ್ರವನ್ನು ಹಿಡಿದ ಎರಡು ತೋಳುಗಳಲ್ಲಿ (ಆರ್ಮ್) ಮೇಲಿನ ಆರ್ಮಿನ ಮೇಲೆ, ಸ್ಪ್ರಿಂಗಿನ ತಲೆ ಟವರಿನ ಒಳಗೆ. ಹಾಗಾಗಿ ಮುಂಭಾಗದ ಪೂರ್ತಿ ಭಾರ ಎಂಜಿನ್ ಕೋಣೆಯ ಎರಡು ಬದಿಯ ತಗಡಿನ ಗೋಪುರಗಳ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಹೊಡೆತ ತಿಂದ ಟವರುಗಳು ಒಳಕ್ಕೆ ವಾಲುತ್ತವೆ, ಆರ್ಮಿನ ಬೋಲ್ಟ್‌ಗಳ ಸುತ್ತ ಬಿರುಕು ಬಿಡುತ್ತವೆ. ಮಸ್ಟ್ಯಾಂಗ್‌ನ್ನೇ ಮಾರ್ಪಡಿಸಿ ಶೆಲ್ಬಿ ಕಂಪನಿ ಮಾಡಿದ 1965ರ ಜಿಟಿ350ಯಲ್ಲಿ ಇದಕ್ಕೆ ಎರಡು ಮದ್ದು ಇದ್ದವು: ಎರಡೂ ಟವರುಗಳನ್ನು ಫೈರ್‌ವಾಲಿಗೆ (ಎಂಜಿನ್ ಕೋಣೆಯ ಹಿಂದಿನ ತಗಡಿನ ಗೋಡೆಗೆ) ಕಟ್ಟುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್, ಮತ್ತು ಟವರಿನಿಂದ ಟವರಿಗೆ ಅಡ್ಡ ಹೋಗುವ ಮಾಂಟೆ ಕಾರ್ಲೊ ಬಾರ್. ಈ ಬಾರು ಪತ್ತೆದಾರಿಯೂ ಹೌದು. ಅಳತೆ ಸರಿಯಿರುವ ನೇರ ಬಾರು ತನ್ನ ತೂತುಗಳಿಗೆ ಕೂರದೆ ಉದ್ದ ಹೆಚ್ಚಾಯಿತೆನ್ನಿಸಿದರೆ ತಪ್ಪು ಬಾರಿನದಲ್ಲ, ಟವರು ಸರಿದಿದೆ. ಆಗ ತೂತನ್ನು ಅರದಿಂದ ಉದ್ದ ಮಾಡಿ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ಸೊಟ್ಟನ್ನೇ ಖಾಯಂ ಮಾಡಿದಂತೆ. ಟವರನ್ನು ನಿಧಾನವಾಗಿ ಹೊರಕ್ಕೆ, ಮೂಲ ಜಾಗಕ್ಕೆ ತಳ್ಳಿ, ಬಿರುಕು ತೆರೆದು ವೆಲ್ಡ್ ಮಾಡಿ, ಒಳಗಿಂದ ಬಲಪಟ್ಟಿ ಹಾಕಿದ ಮೇಲೆಯೇ ಬಾರು. ಬಾಸ್ 302ಗೆ ಫೋರ್ಡ್ ಕಂಪನಿಯೇ ಕಾರ್ಖಾನೆಯಲ್ಲಿ ಟವರುಗಳಿಗೆ ಹೆಚ್ಚುವರಿ ತಗಡು ಕೊಟ್ಟಿತ್ತು. ಅಗಲ ಟೈರು ಬಂದಾಗ ಟವರು ಒಡೆಯುತ್ತದೆಂದು ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಇನ್ನು ಮುಂದಿನ ರೈಲಿಗೂ ಹಿಂದಿನ ರೈಲಿಗೂ ನಡುವೆ ಸಬ್‌ಫ್ರೇಮ್ ಕನೆಕ್ಟರ್. ಚೌಕ ಕೊಳವೆಯಷ್ಟೇ, ಕಷ್ಟದ ಕೆಲಸವಲ್ಲ. ಆದರೆ ಹೆಚ್ಚಿನವರು ಎಡವುವುದು ಕಾರನ್ನು ನಿಲ್ಲಿಸುವ ರೀತಿಯಲ್ಲಿ. ಎರಡು ಕಂಬದ ಲಿಫ್ಟಿನ ಮೇಲೆ ನೇತಾಡುತ್ತಿರುವ ಕಾರಿಗೆ ಕನೆಕ್ಟರ್ ವೆಲ್ಡ್ ಮಾಡಿದರೆ ಜೋಲುಬಿದ್ದ ಬಾಡಿ ಅದೇ ಆಕಾರದಲ್ಲಿ ಬಿಗಿದುಕೊಳ್ಳುತ್ತದೆ; ಇಳಿಸಿದಾಗ ಬಾಗಿಲು ಕೂರುವುದಿಲ್ಲ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆ, ಇಲ್ಲವೇ ಆಕ್ಸಲ್ ಮತ್ತು ಕೆಳಗಿನ ಆರ್ಮ್‌ಗಳ ಕೆಳಗೆ ಸಮನಾಗಿ ಇಟ್ಟ ಸ್ಟ್ಯಾಂಡ್‌ಗಳ ಮೇಲೆ ನಿಂತಿರಬೇಕು. ಮೊದಲು ತೂಗುಗುಂಡು ಬಿಟ್ಟು ನೆಲದ ಮೇಲೆ ನಾಲ್ಕು ಬಿಂದು ಗುರುತಿಸಿ ಕರ್ಣಗಳನ್ನು ಅಳೆಯಬೇಕು. ಎರಡು ಕರ್ಣಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಮುಂದುವರಿಯಬಹುದು. ಹೆಚ್ಚಿದ್ದರೆ ಅದು ಬಾಡಿ ಎಳೆಯುವ ಬೆಂಚಿನ ಕೆಲಸ.

ಹಳೆಯ ಸ್ಪಾಟ್ ವೆಲ್ಡ್‌ಗಳ ನಡುವೆ ಹೊಲಿಗೆಯಂತೆ ವೆಲ್ಡ್ ಹಾಕುವುದೂ ಆಗಿನಿಂದಲೇ ಇದೆ. 25 ಮಿ.ಮೀ. ವೆಲ್ಡ್, 75 ಮಿ.ಮೀ. ಬಿಡುವು, ಹೀಗೆ ಎಡಬಲ ಬದಲಿಸುತ್ತಾ ಹೋಗಬೇಕು. ಉದ್ದಕ್ಕೂ ಒಂದೇ ಸಮ ಎಳೆದರೆ ಬಿಸಿಗೆ ತಗಡು ಸುರುಟಿಕೊಳ್ಳುತ್ತದೆ.

ಕ್ಯಾಮರೊದಲ್ಲಿ ರಬ್ಬರ್ ಬುಷ್ ತೆಗೆದು ಅಲ್ಯೂಮಿನಿಯಂ ಬುಷ್ ಹಾಕುತ್ತಾರೆ. ಬಿಗಿ ಮಾಡುವ ಮೊದಲು ಸಬ್‌ಫ್ರೇಮಿನ ಅಳತೆ ತೂತು ಮತ್ತು ಬಾಡಿಯ ಅಳತೆ ತೂತು ಒಂದರ ಮೇಲೊಂದು ಬರುವಂತೆ ಎರಡೂ ಬದಿಗೆ ಸರಿಯಾದ ದಪ್ಪದ ಸರಳು ತೂರಿಸಬೇಕು. ಈ ಹೆಜ್ಜೆ ಬಿಟ್ಟರೆ ಮುಂದಿನ ಚಕ್ರಗಳು ಹಿಂದಿನವಕ್ಕೆ ಸೊಟ್ಟಗೆ ನಿಲ್ಲುತ್ತವೆ. ಆಮೇಲೆ ಅಲೈನ್‌ಮೆಂಟ್ ಅಂಗಡಿಯವನು ಎಷ್ಟು ತಿಣುಕಿದರೂ ಸ್ಟೀರಿಂಗ್ ನೇರವಾಗುವುದಿಲ್ಲ.

ರೋಲ್ ಕೇಜ್, ಅಂದರೆ ಕಾರಿನೊಳಗಿನ ಕೊಳವೆಗಳ ಪಂಜರ, ಮೂಲತಃ ಚಾಲಕನ ಜೀವ ಉಳಿಸಲು ಬಂದದ್ದು. ಅದರ ಕೊಳವೆಗಳನ್ನು ಮುಂದೆ ಶಾಕ್ ಟವರಿಗೂ ಹಿಂದೆ ಲೀಫ್ ಸ್ಪ್ರಿಂಗಿನ ಜೋಡಣೆಯ ಜಾಗಕ್ಕೂ ತಂದು ಸೇರಿಸಿದರೆ ಬಾಡಿಯ ಅರ್ಧ ರೋಗ ವಾಸಿ ಎಂಬುದನ್ನು ಟ್ರಾನ್ಸ್-ಆ್ಯಮ್ ತಂಡಗಳು ಬೇಗ ಕಂಡುಕೊಂಡವು. ಅದೇ ಹೊತ್ತಿಗೆ ತೂಕ ಇಳಿಸಲು ಬಾಡಿಯನ್ನು ಆಮ್ಲದಲ್ಲಿ ಅದ್ದಿ ತಗಡು ತೆಳ್ಳಗೆ ಮಾಡಿದ್ದೂ ಉಂಟು. ಪೆನ್‌ಸ್ಕಿ ತಂಡದ ಕ್ಯಾಮರೊ ಇದಕ್ಕೇ ಹೆಸರಾಗಿತ್ತು. ಹಾಗೆ ಅದ್ದಿದ ಬಾಡಿಯನ್ನು ಇಂದು ಕೊಳ್ಳುವವರು ಹೊರಗಿನ ತಗಡಿಗಿಂತ ಒಳಗಿನ ಮಡಿಕೆಗಳನ್ನು ನೋಡಬೇಕು. ಸ್ಪಾಟ್ ವೆಲ್ಡ್‌ಗಳ ಸಂದಿನಲ್ಲಿ ಉಳಿದ ಆಮ್ಲ ಒಳಗೊಳಗೇ ತಿನ್ನುತ್ತದೆ.

ಮುಂದಿನ ಸಸ್ಪೆನ್ಷನ್: ಒಂದು ಇಂಚಿನ ಮಹಿಮೆ

ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲುತ್ತದೆ. ಬಾಡಿ 3 ಡಿಗ್ರಿ ವಾಲಿದರೆ, ಸಸ್ಪೆನ್ಷನ್ ಏನೂ ಸರಿಪಡಿಸದಿದ್ದರೆ, ಹೊರಗಿನ ಚಕ್ರವೂ ಅಷ್ಟೇ ಹೊರಕ್ಕೆ ವಾಲುತ್ತದೆ. ಆಗ ಟೈರಿನ ಹೊರ ಅಂಚು ಮಾತ್ರ ನೆಲ ಹಿಡಿದಿರುತ್ತದೆ. ಚಕ್ರ ಮೇಲಕ್ಕೆ ಒತ್ತಿಕೊಂಡಂತೆ ಅದರ ತಲೆ ಒಳಕ್ಕೆ ವಾಲಬೇಕು, ಅಂದರೆ ನೆಗೆಟಿವ್ ಕ್ಯಾಂಬರ್ ಬೆಳೆಯಬೇಕು. ಇದನ್ನು ನಿರ್ಧರಿಸುವುದು ಮೇಲಿನ ಆರ್ಮಿನ ಇಳಿಜಾರು. ಆರ್ಮಿನ ಒಳತುದಿ ಹೊರತುದಿಗಿಂತ ಎತ್ತರದಲ್ಲಿದ್ದರೆ, ಚಕ್ರ ಮೇಲೇರುವಾಗ ಹೊರತುದಿಯ ಬಾಲ್ ಜಾಯಿಂಟ್ (ಗುಂಡು ಕೀಲು) ಹೊರಕ್ಕೆ ಸರಿಯುತ್ತದೆ, ಕ್ಯಾಂಬರ್ ಇನ್ನಷ್ಟು ಕೆಡುತ್ತದೆ. ಒಳತುದಿ ತಗ್ಗಿನಲ್ಲಿದ್ದರೆ ಬಾಲ್ ಜಾಯಿಂಟ್ ಒಳಕ್ಕೆ ಬರುತ್ತದೆ, ಬೇಕಾದ ಕ್ಯಾಂಬರ್ ಸಿಗುತ್ತದೆ. ಕಾರ್ಖಾನೆಯಿಂದ ಬಂದ ಮಸ್ಟ್ಯಾಂಗ್ ಮೊದಲನೆಯ ಜಾತಿಗೆ ಹತ್ತಿರ.

ಫೋರ್ಡ್‌ನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿ ಹೇಳಿದ ಪರಿಹಾರ ಇಷ್ಟೇ: ಮೇಲಿನ ಆರ್ಮಿನ ಬೋಲ್ಟ್ ತೂತುಗಳನ್ನು ಶಾಕ್ ಟವರಿನಲ್ಲಿ ಒಂದು ಇಂಚು ಕೆಳಗೆ ಕೊರೆಯಿರಿ. 1965ರ ಜಿಟಿ350ಗಳು ಹೀಗೇ ತಯಾರಾದವು; ಅದಕ್ಕೇ ಜನ ಇದನ್ನು ಶೆಲ್ಬಿ ಡ್ರಾಪ್ ಎನ್ನುತ್ತಾರೆ. 1966ರಲ್ಲಿ ಖರ್ಚು ಉಳಿಸಲು ಶೆಲ್ಬಿಯೇ ಅದನ್ನು ಕೈಬಿಟ್ಟಿತು. ಹಣಕ್ಕೆ ಹೋಲಿಸಿದರೆ ಈ ಕಾರಿಗೆ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ. ಕ್ಯಾಂಬರ್ ಸುಧಾರಿಸುವುದರ ಜೊತೆಗೆ ಮುಂದಿನ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಮೇಲೇರಿ ಬಾಡಿ ವಾಲುವುದೇ ಕಡಿಮೆಯಾಗುತ್ತದೆ. ಕಾರಿನ ಮೂಗೂ ಅರ್ಧ ಇಂಚಿಗಿಂತ ತುಸು ಹೆಚ್ಚು ತಗ್ಗುತ್ತದೆ.

ಕೊರೆಯುವಾಗ ಅಳತೆ ಪಟ್ಟಿಯನ್ನು ಹಳೆಯ ಎರಡು ತೂತುಗಳಿಗೇ ಬೋಲ್ಟ್ ಹಾಕಿ ಕೂರಿಸಬೇಕು, ಕಣ್ಣಳತೆ ಸಲ್ಲದು. ಮೊದಲು ಸಣ್ಣ ತೂತು, ಆಮೇಲೆ ಹಂತಹಂತವಾಗಿ ದೊಡ್ಡದು. ಎರಡು ಬದಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ಕಾರು ಎಡ ತಿರುವಿನಲ್ಲಿ ಒಂದು ಥರ, ಬಲ ತಿರುವಿನಲ್ಲಿ ಇನ್ನೊಂದು ಥರ ನಡೆಯುತ್ತದೆ. ಒಂದು ಇಂಚು ಒಳ್ಳೆಯದಾದರೆ ಎರಡು ಇಂಚು ಇನ್ನೂ ಒಳ್ಳೆಯದಲ್ಲವೇ ಎಂದು ಹೊರಡುವವರಿಗೆ ಬಾಲ್ ಜಾಯಿಂಟ್ ಅಡ್ಡಬರುತ್ತದೆ. ಆರ್ಮ್ ಹೆಚ್ಚು ಓರೆಯಾದಂತೆ ಜಾಯಿಂಟಿನ ಕಡ್ಡಿ ತನ್ನ ಬಟ್ಟಲಿನ ಅಂಚಿಗೆ ತಾಗುತ್ತದೆ. ಗುಂಡಿಗೆ ಬಿದ್ದ ದಿನ ಮುರಿಯುತ್ತದೆ. ಇಂಚಿಗಿಂತ ಕೆಳಗೆ ಹೋಗಬೇಕೆಂದರೆ ಜಾಯಿಂಟಿನ ಕೆಳಗೆ ಓರೆ ಪಟ್ಟಿ ಕೊಟ್ಟು ಅದರ ಕೋನ ತಿದ್ದಲೇಬೇಕು.

ಕ್ಯಾಮರೊದಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲಿದೆ. ಟವರಿನ ತಾಪತ್ರಯ ಇಲ್ಲ, ಕ್ಯಾಂಬರಿನ ರೋಗ ಮಾತ್ರ ಅದೇ. ರೇಸ್ ಚಾಲಕ ಡಿಕ್ ಗುಲ್ಡ್‌ಸ್ಟ್ರಾಂಡ್ ಹೆಸರಿನಲ್ಲಿರುವ ಮಾರ್ಪಾಡು ಅಲ್ಲಿಯೂ ಮೇಲಿನ ಆರ್ಮಿನ ಜೋಡಣೆಯನ್ನು ಕೆಳಕ್ಕೆ ತರುತ್ತದೆ, ಜೊತೆಗೆ ತುಸು ಹಿಂದಕ್ಕೆ ಸರಿಸಿ ಕ್ಯಾಸ್ಟರ್ (ಸ್ಟೀರಿಂಗಿಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸುತ್ತದೆ. ಪ್ಲಿಮತ್ ಮತ್ತು ಡಾಜ್‌ಗಳಿಗೆ ಮುಂದೆ ಸುರುಳಿ ಸ್ಪ್ರಿಂಗೇ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದುದ್ದ ಟಾರ್ಷನ್ ಬಾರ್. ನಮ್ಮ ಅಂಬಾಸಿಡರ್ ಬಿಚ್ಚಿದವರಿಗೆ ಇದು ಹೊಸದಲ್ಲ: ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್. ಎತ್ತರ ಬದಲಿಸಲು ಒಂದು ಬೋಲ್ಟ್ ತಿರುಗಿಸಿದರೆ ಸಾಕು. ಬಾರಿನ ಗಡಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆಂಬುದು ನೆನಪಿರಲಿ. 7/8 ಇಂಚಿನ ಬಾರನ್ನು ತೆಗೆದು 1 ಇಂಚಿನದು ಹಾಕಿದರೆ ಗಡಸು ಸುಮಾರು 70 ಪ್ರತಿಶತ ಹೆಚ್ಚುತ್ತದೆ. ಆ್ಯಂಟಿ-ರೋಲ್ ಬಾರಿಗೂ ಇದೇ ಲೆಕ್ಕ.

ಮಸ್ಟ್ಯಾಂಗ್‌ನ ಕೆಳಗಿನ ಆರ್ಮಿಗೆ ಒಳಗೆ ಒಂದೇ ಬುಷ್. ಅದು ಹಿಂದೆಮುಂದೆ ಓಲಾಡದಂತೆ ಹಿಡಿಯುವುದು ಮುಂದಕ್ಕೆ ಚಾಚಿದ ಸ್ಟ್ರಟ್ ರಾಡ್, ಅದರ ತುದಿಯಲ್ಲಿ ದಪ್ಪ ರಬ್ಬರ್. ಬ್ರೇಕ್ ಒತ್ತಿದಾಗ ಆ ರಬ್ಬರ್ ಹಿಸುಕಿಕೊಂಡು ಚಕ್ರ ಹಿಂದಕ್ಕೆ ಸರಿಯುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ, ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಬದಲಾಗುತ್ತದೆ. ಎರಡು ಬದಿಯ ರಬ್ಬರ್ ಒಂದೇ ಹದದಲ್ಲಿ ಇರುವುದಿಲ್ಲವಾದ್ದರಿಂದ ಜೋರು ಬ್ರೇಕಿಗೆ ಕಾರು ಒಂದು ಬದಿಗೆ ಎಳೆಯುತ್ತದೆ. ಬ್ರೇಕ್ ಕೆಟ್ಟಿದೆಯೆಂದು ಕ್ಯಾಲಿಪರ್ ಬಿಚ್ಚುವ ಮೊದಲು ಇಲ್ಲಿ ನೋಡಬೇಕು. ರೇಸ್‌ಗೆ ಗುಂಡು ಬೇರಿಂಗ್ ತುದಿಯ, ಉದ್ದ ಹೊಂದಿಸಬಹುದಾದ ರಾಡ್ ಹಾಕುತ್ತಾರೆ. ಆದರೆ ಅದರ ಮುಂದಿನ ಕೀಲು ಮೂಲ ಜಾಗದಲ್ಲೇ ಇರಬೇಕು. ಜಾಗ ತಪ್ಪಿದರೆ ಆರ್ಮ್ ಮೇಲೆಕೆಳಗೆ ಆಡುವಾಗ ಬಿಗಿಯಾಗುತ್ತದೆ, ಬೇರಿಂಗಿನ ಕುತ್ತಿಗೆಯಲ್ಲಿ ಬಿರುಕು ಹುಟ್ಟುತ್ತದೆ.

1967ರ ನಂತರದ ಮಸ್ಟ್ಯಾಂಗ್‌ಗಳಲ್ಲಿ ಕ್ಯಾಂಬರ್ ಹೊಂದಿಸಲು ಕೆಳಗಿನ ಆರ್ಮಿಗೆ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಒಳಹೊರಗೆ ಸರಿಯುವ ಬೋಲ್ಟ್) ಇದೆ. ಊರಲ್ಲಿ ಓಡಿಸಲು ಅಡ್ಡಿಯಿಲ್ಲ. ಟ್ರ್ಯಾಕ್‌ನಲ್ಲಿ ಕರ್ಬ್ ಹತ್ತಿ ಇಳಿದರೆ ಜಾರುತ್ತದೆ. ಅದನ್ನು ತೆಗೆದು ತೂತು ಕೊರೆದ ಗಟ್ಟಿ ತಟ್ಟೆ ಹಾಕಿ, ಮೇಲಿನ ಆರ್ಮಿನ ಹಿಂದೆ ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಕ್ಯಾಂಬರ್ ಹೊಂದಿಸುವುದೇ ಸರಿ.

ಬಂಪ್ ಸ್ಟಿಯರ್ ಎಂಬುದನ್ನು ಬಹಳ ಜನ ಕಡೆಗಣಿಸುತ್ತಾರೆ. ಚಕ್ರ ಮೇಲೆಕೆಳಗೆ ಹೋಗುವಾಗ ಸ್ಟೀರಿಂಗ್ ಮುಟ್ಟದೆಯೇ ಅದು ತಾನಾಗಿ ತಿರುಗುವ ದೋಷ ಇದು. ಅಳೆಯಲು ಸ್ಪ್ರಿಂಗ್ ತೆಗೆಯಿರಿ, ಸ್ಟೀರಿಂಗನ್ನು ನಡುವೆ ನಿಲ್ಲಿಸಿ ಕಟ್ಟಿ, ಹಬ್‌ಗೆ ಚಪ್ಪಟೆ ಹಲಗೆ ಬಿಗಿದು ಅದರ ಮುಂದೆ ಒಂದು, ಹಿಂದೆ ಒಂದು ಡಯಲ್ ಗೇಜ್ ಇಡಿ. ಕಾರು ನಿಂತ ಎತ್ತರದಿಂದ ಮೇಲೆ 50 ಮಿ.ಮೀ., ಕೆಳಗೆ 50 ಮಿ.ಮೀ., ಪ್ರತಿ 12 ಮಿ.ಮೀ.ಗೆ ಒಮ್ಮೆ ಎರಡು ಗೇಜ್‌ಗಳ ವ್ಯತ್ಯಾಸ ಬರೆದುಕೊಳ್ಳಿ. ಅಂಕಿಗಳನ್ನು ಕಾಗದದ ಮೇಲೆ ಬಿಡಿಸಿದಾಗ ಓರೆಯಾದ ನೇರ ಗೆರೆ ಬಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಹೊರತುದಿಯ ಎತ್ತರ ತಪ್ಪಿದೆ. ಅಲ್ಲಿ ಶಿಮ್ ಸೇರಿಸಿ ಅಥವಾ ತೆಗೆದು ಸರಿಮಾಡಬಹುದು. ಗೆರೆ ಬಿಲ್ಲಿನಂತೆ ಬಾಗಿದ್ದರೆ ತಪ್ಪು ರಾಡಿನ ಉದ್ದದಲ್ಲಿ ಅಥವಾ ಒಳತುದಿಯ ಜಾಗದಲ್ಲಿದೆ, ಶಿಮ್‌ನಿಂದ ಹೋಗುವುದಿಲ್ಲ. ಆರ್ಮ್ ತೂತು ಇಳಿಸಿದ ಮೇಲೆ, ಕಾರಿನ ಎತ್ತರ ಬದಲಿಸಿದ ಮೇಲೆ ಪ್ರತಿ ಸಲವೂ ಇದನ್ನು ಮತ್ತೆ ಅಳೆಯಬೇಕು.

ಸ್ಪ್ರಿಂಗಿನ ಅಂಕಿ ಮೋಸ ಮಾಡುತ್ತದೆ

ಮಸ್ಟ್ಯಾಂಗ್‌ಗೆ ಇಂಚಿಗೆ 600 ಪೌಂಡ್‌ನ ಸ್ಪ್ರಿಂಗ್ ಎಂದರೆ ಕೇಳಿದವರು ಹೌಹಾರುತ್ತಾರೆ. ಆದರೆ ಸ್ಪ್ರಿಂಗ್ ಕೂತಿರುವುದು ಆರ್ಮಿನ ನಡುವೆ. ಚಕ್ರ 1 ಇಂಚು ಆಡಿದಾಗ ಸ್ಪ್ರಿಂಗ್ ಹೆಚ್ಚುಕಡಿಮೆ ಅರ್ಧ ಇಂಚು ಆಡುತ್ತದೆ. ಚಕ್ರಕ್ಕೆ ಸಿಗುವ ಗಡಸು ಈ ಅನುಪಾತದ ವರ್ಗ: 0.5 × 0.5 × 600 = 150 ಪೌಂಡ್. ಅನುಪಾತ 0.55 ಆದರೆ ಅದೇ ಸ್ಪ್ರಿಂಗ್ 181.5 ಪೌಂಡ್ ಆಗಿಬಿಡುತ್ತದೆ. ಆದ್ದರಿಂದ ಬೇರೆಯವರ ಕಾರಿನ ಸ್ಪ್ರಿಂಗ್ ಅಂಕಿಯನ್ನು ಎತ್ತಿಕೊಳ್ಳುವ ಬದಲು ನಿಮ್ಮ ಕಾರಿನಲ್ಲಿ ಚಕ್ರ ಎಷ್ಟು ಆಡಿದರೆ ಸ್ಪ್ರಿಂಗ್ ಎಷ್ಟು ಆಡುತ್ತದೆ ಎಂದು ಅಳೆಯುವುದು ಜಾಣತನ. ಎತ್ತರ ಇಳಿಸಲು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಅದು ಗಡಸೂ ಆಗುತ್ತದೆ, ಉಳಿದ ಸುತ್ತು ಕಡಿಮೆಯಾದದ್ದರಿಂದ. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಬಾರದು, ಸುತ್ತಲಿನ ಉಕ್ಕಿನ ಹದ ಹೋಗುತ್ತದೆ.

ಹಿಂದೆ: ಗಟ್ಟಿ ಆಕ್ಸಲ್, ಎರಡು ಲೀಫ್

ಹಿಂದಿನ ಗಟ್ಟಿ ಆಕ್ಸಲ್ಲನ್ನು ಹಳೆ ಕಾಲದ್ದೆಂದು ಹಳಿಯುವುದು ಸುಲಭ. ತೂಕ ಹೆಚ್ಚು, ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ತಾಗುತ್ತದೆ, ಎಲ್ಲ ಸರಿ. ಆದರೆ ಬಾಡಿ ಎಷ್ಟೇ ವಾಲಲಿ, ಎರಡು ಹಿಂದಿನ ಟೈರುಗಳೂ ನೆಲಕ್ಕೆ ಚಪ್ಪಟೆಯಾಗಿಯೇ ಇರುತ್ತವೆ. ನಯವಾದ ಟ್ರ್ಯಾಕ್‌ನಲ್ಲಿ ಇದು ಕಡಿಮೆ ವರವಲ್ಲ.

ನಿಜವಾದ ತೊಂದರೆ ಲೀಫ್‌ನದು. ಒಂದೇ ಪಟ್ಟಿಗಳ ಕಟ್ಟು ಮೂರು ಕೆಲಸ ಮಾಡಬೇಕು: ಭಾರ ಹೊರಬೇಕು, ಆಕ್ಸಲ್ಲನ್ನು ಎಡಬಲಕ್ಕೆ ಹಿಡಿಯಬೇಕು, ಎಂಜಿನ್ನಿನ ತಿರುಚು ಬಲವನ್ನೂ ತಡೆಯಬೇಕು. ಮೂರನೆಯದರಲ್ಲಿ ಅದು ಸೋಲುತ್ತದೆ. ಆ್ಯಕ್ಸಿಲರೇಟರ್ ತುಳಿದಾಗ ಡಿಫರೆನ್ಷಿಯಲ್ಲಿನ ಮೂತಿ ಮೇಲಕ್ಕೇಳಲು ನೋಡುತ್ತದೆ, ಲೀಫ್ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆ, ಬಿಟ್ಟುಕೊಂಡು ಮತ್ತೆ ಬಾಗುತ್ತದೆ. ಟೈರು ಕುಪ್ಪಳಿಸುತ್ತದೆ. 1967ರ ಕ್ಯಾಮರೊಗೆ ಒಂದೇ ಪಟ್ಟಿಯ ಲೀಫ್ ಇದ್ದದ್ದರಿಂದ ಈ ಕುಪ್ಪಳಿಕೆ ಕುಖ್ಯಾತವಾಯಿತು. ಮರುವರ್ಷ ಶಕ್ತಿಶಾಲಿ ಮಾದರಿಗಳಿಗೆ ಹೆಚ್ಚು ಪಟ್ಟಿಗಳು ಬಂದವು. ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಆಕ್ಸಲ್ಲಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟರು. ಆಕ್ಸಲ್ ತಿರುಚಿಕೊಂಡರೆ ಒಂದು ಶಾಕ್ ಒತ್ತಿಕೊಳ್ಳುತ್ತದೆ, ಇನ್ನೊಂದು ಹಿಗ್ಗುತ್ತದೆ, ತಿರುಚು ಸಾಯುತ್ತದೆ. ಜಿಟಿ350ಯಲ್ಲಿ ಆಕ್ಸಲ್ಲಿನ ಮೇಲಿಂದ ಮುಂದಕ್ಕೆ ಹೋಗುವ ಟ್ರ್ಯಾಕ್ಷನ್ ಬಾರುಗಳಿದ್ದವು. ಪ್ಲಿಮತ್, ಡಾಜ್‌ಗಳ ಕಂಪನಿ ಕ್ರೈಸ್ಲರ್ ಬೇರೆ ಉಪಾಯ ಮಾಡಿತ್ತು: ಆಕ್ಸಲ್ಲನ್ನು ಲೀಫ್‌ನ ನಡುವೆ ಕೂರಿಸದೆ ಮುಂದಕ್ಕೆ ತಂದು, ಮುಂದಿನ ಗಿಡ್ಡ ತುಂಡನ್ನೇ ಗಟ್ಟಿ ಮಾಡಿ ತೋಳಿನಂತೆ ದುಡಿಸಿತು. ಬಿಡಿಭಾಗ ಸೇರಿಸದೆ ರೋಗ ತಡೆದ ಈ ಬುದ್ಧಿಗೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ.

ಕಾರನ್ನು ಹಿಂದೆ ತಗ್ಗಿಸಲು ಆಕ್ಸಲ್ಲಿಗೂ ಲೀಫಿಗೂ ನಡುವೆ ಕಬ್ಬಿಣದ ತುಂಡು ಇಡುವುದು ಅಗ್ಗ. ಆದರೆ ಆ ತುಂಡು ಸನ್ನೆಗೋಲಿನ ಉದ್ದ ಹೆಚ್ಚಿಸುವುದರಿಂದ ತಿರುಚು ಇನ್ನೂ ಜಾಸ್ತಿಯಾಗುತ್ತದೆ. ಕಣ್ಣನ್ನು (ಬೋಲ್ಟ್ ತೂರುವ ತುದಿಯ ಸುರುಳಿಯನ್ನು) ಪಟ್ಟಿಯ ಮಟ್ಟಕ್ಕೆ ತಂದು ಸುತ್ತಿದ ಲೀಫ್ ಮಾಡಿಸುವುದು ಒಳಿತು. ಲೀಫ್‌ನ ಮುಂದಿನ ಕಣ್ಣು ಆಕ್ಸಲ್ಲಿಗಿಂತ ಎತ್ತರದಲ್ಲಿದ್ದರೆ ಇನ್ನೊಂದು ಅಪಾಯವಿದೆ. ಬಾಡಿ ವಾಲಿದಾಗ ಹೊರಗಿನ ಚಕ್ರ ಹಿಂದಕ್ಕೆ, ಒಳಗಿನದು ಮುಂದಕ್ಕೆ ಸರಿದು ಆಕ್ಸಲ್ ತಾನೇ ಸ್ಟೀರಿಂಗ್ ಮಾಡುತ್ತದೆ, ಕಾರಿನ ಹಿಂಭಾಗ ಹೊರಕ್ಕೆ ಚಿಮ್ಮುತ್ತದೆ. ಹಿಂದೆ ಎತ್ತರಿಸಿದ ಕಾರುಗಳು ತಿರುವಿನಲ್ಲಿ ಭಯ ಹುಟ್ಟಿಸುವುದಕ್ಕೆ ಇದೇ ಮುಖ್ಯ ಕಾರಣ.

ಲೀಫ್‌ನ ಬುಷ್ ಎಡಬಲಕ್ಕೆ ಕೊಡುವ ಸಡಿಲವನ್ನು ತಡೆಯಲು ಆಕ್ಸಲ್ಲಿನಿಂದ ಬಾಡಿಗೆ ಅಡ್ಡಲಾಗಿ ಹೋಗುವ ಪ್ಯಾನ್‌ಹಾರ್ಡ್ ಬಾರ್, ಅಥವಾ ನಡುವೆ ತಿರುಗುವ ತುಂಡಿಗೆ ಎರಡು ಸರಳು ಸೇರಿಸಿದ ವಾಟ್ಸ್ ಲಿಂಕೇಜ್ ಹಾಕುತ್ತಾರೆ. ಪ್ಯಾನ್‌ಹಾರ್ಡ್ ಬಾರು ಉದ್ದವಿರಬೇಕು, ಕಾರು ನಿಂತಾಗ ಮಟ್ಟಸವಾಗಿರಬೇಕು. 40 ಇಂಚಿನ ಬಾರು ಮಟ್ಟಸವಾಗಿದ್ದು ಆಕ್ಸಲ್ 2 ಇಂಚು ಮೇಲೇರಿದರೆ ಅಡ್ಡ ಸರಿತ 1.3 ಮಿ.ಮೀ. ಮಾತ್ರ. ಅದೇ ಬಾರಿನ ಆಕ್ಸಲ್ ತುದಿ ಮೊದಲೇ 2 ಇಂಚು ಎತ್ತರದಲ್ಲಿದ್ದರೆ ಮುಂದಿನ 2 ಇಂಚಿಗೆ ಸರಿತ ಸುಮಾರು 4 ಮಿ.ಮೀ. ವಾಟ್ಸ್ ಲಿಂಕೇಜಿನಲ್ಲಿ ಈ ಸರಿತ ಹೆಚ್ಚುಕಡಿಮೆ ಇಲ್ಲ, ಬದಲಿಗೆ ತೂಕ, ಕೀಲುಗಳು ಹೆಚ್ಚು. ಇವೆರಡರಲ್ಲಿ ಯಾವುದನ್ನು ಹಾಕಿದರೂ ಲೀಫ್‌ನ ಮುಂದಿನ ಕಣ್ಣಿಗೆ ಪಾಲಿಯುರಿಥೇನ್ ಬುಷ್ ಹಾಕಿ ಬಿಗಿಯಬಾರದು. ಬಾಡಿ ವಾಲುವಾಗ ಲೀಫ್ ತುಸು ಹೊರಳಲೇಬೇಕು. ಹೊರಳಲು ಬಿಡದಿದ್ದರೆ ಅದೇ ದೊಡ್ಡ ಆ್ಯಂಟಿ-ರೋಲ್ ಬಾರಿನಂತೆ ವರ್ತಿಸಿ ಒಳಗಿನ ಚಕ್ರವನ್ನು ಎತ್ತಿಬಿಡುತ್ತದೆ.

ಆಕ್ಸಲ್ ಬಗ್ಗೆ ಒಂದೇ ಮಾತು. ಷೆವ್ರೊಲೆಯ 12 ಬೋಲ್ಟಿನ ಆಕ್ಸಲ್‌ನಲ್ಲಿ ಶಾಫ್ಟನ್ನು ಹಿಡಿದಿರುವುದು ಒಳತುದಿಯ ಸಿ ಆಕಾರದ ಕ್ಲಿಪ್. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಬರುತ್ತದೆ. ಫೋರ್ಡ್‌ನ 9 ಇಂಚಿನದರಲ್ಲಿ ಹೊರಗಿನ ಬೇರಿಂಗ್ ಬಳಿಯೇ ತಡೆ ಇರುವುದರಿಂದ ಆ ಭಯ ಕಡಿಮೆ. ರೇಸ್‌ಗೆ ಫುಲ್-ಫ್ಲೋಟಿಂಗ್ ಹಬ್ ಎಲ್ಲಕ್ಕಿಂತ ಸುರಕ್ಷಿತ: ಶಾಫ್ಟ್ ತಿರುಗಿಸುತ್ತದೆ ಅಷ್ಟೇ, ಭಾರವೆಲ್ಲ ಹಬ್ ಮೇಲೆ.

ಚಕ್ರ, ಟೈರ್

1969–70ರ ಹೊತ್ತಿಗೆ ಟ್ರಾನ್ಸ್-ಆ್ಯಮ್‌ನಲ್ಲಿ 15 ಇಂಚು ವ್ಯಾಸ, 8 ಇಂಚು ಅಗಲದ ಚಕ್ರ ರೂಢಿಯಾಗಿತ್ತು. ಇಂಗ್ಲೆಂಡಿನಲ್ಲಿ ತಯಾರಾದ ಎಂಟು ಕಡ್ಡಿಯ ಮಿನಿಲೈಟ್ ಮೆಗ್ನೀಸಿಯಂ ಚಕ್ರ ಆ ಕಾಲದ ಗುರುತೇ ಆಗಿದೆ. ಅದಕ್ಕೂ ಮೊದಲು ಜಿಟಿ350ಯ ರೇಸ್ ಮಾದರಿಗೆ 7 ಇಂಚು ಅಗಲದ ಅಮೆರಿಕನ್ ರೇಸಿಂಗ್ ಚಕ್ರಗಳಿದ್ದವು.

ಚಕ್ರ ಕೊಳ್ಳುವಾಗ ನೋಡಬೇಕಾದದ್ದು ಬ್ಯಾಕ್‌ಸ್ಪೇಸಿಂಗ್. ಚಕ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಒಳ ಅಂಚಿನ ಮೇಲೆ ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್‌ಗೆ ತಾಗುವ ಮುಖದವರೆಗೆ ಅಳೆದರೆ ಅದೇ. 8 ಇಂಚಿನ ಚಕ್ರದ ಅಂಚುಗಳೂ ಸೇರಿ ಒಟ್ಟು ಅಗಲ ಸುಮಾರು 9 ಇಂಚು, ಆದ್ದರಿಂದ ಬ್ಯಾಕ್‌ಸ್ಪೇಸಿಂಗ್ 4.5 ಇಂಚು ಇದ್ದರೆ ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖದ ದೂರ) ಸೊನ್ನೆ. ಬ್ಯಾಕ್‌ಸ್ಪೇಸಿಂಗ್ ಕಡಿಮೆಯಾದರೆ ಚಕ್ರ ಹೊರಗೆ ಚಾಚುತ್ತದೆ. ನೋಡಲು ಗತ್ತು, ಆದರೆ ಸ್ಟೀರಿಂಗ್ ಪ್ರತಿ ಉಬ್ಬಿಗೂ ಕೈ ಕೀಳುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಹೆಚ್ಚಾದರೆ ಹಿಂದೆ ಲೀಫಿಗೆ, ಮುಂದೆ ಟೈ ರಾಡಿನ ತುದಿಗೆ ಉಜ್ಜುತ್ತದೆ. ಹಿಂದೆ ಲೀಫಿಗೂ ಟೈರಿಗೂ 12 ಮಿ.ಮೀ. ಆದರೂ ಸಂದು ಬೇಕು, ಏಕೆಂದರೆ ತಿರುವಿನಲ್ಲಿ ಆಕ್ಸಲ್ಲೂ ಟೈರೂ ಅಡ್ಡಕ್ಕೆ ಸರಿಯುತ್ತವೆ. ಐದು ಸ್ಟಡ್‌ಗಳ ವೃತ್ತ ಫೋರ್ಡಿನಲ್ಲಿ 4.5 ಇಂಚು, ಷೆವ್ರೊಲೆಯಲ್ಲಿ 4.75 ಇಂಚು. ಬಲವಂತ ಮಾಡಿದರೆ ನಟ್ ಕೂತಂತೆ ಕಾಣುತ್ತದೆ, ಸ್ಟಡ್ ಮಾತ್ರ ಬಾಗಿರುತ್ತದೆ.

ಹಳೆಯ ಮೆಗ್ನೀಸಿಯಂ ಚಕ್ರವನ್ನು ನಂಬುವ ಮೊದಲು ಬಣ್ಣ ಪೂರ್ತಿ ತೆಗೆದು ಬಿರುಕು ತೋರಿಸುವ ಡೈ ಪೆನೆಟ್ರೆಂಟ್ ಬಣ್ಣ ಹಚ್ಚಿ ನೋಡಬೇಕು: ಕಡ್ಡಿಗಳ ಬುಡ, ಸ್ಟಡ್ ತೂತುಗಳ ಸುತ್ತ, ಹಬ್‌ಗೆ ತಾಗುವ ಮುಖದ ಹಿಂದೆ. ಮೆಗ್ನೀಸಿಯಂಗೆ ತೇವ ಶತ್ರು. ಉಕ್ಕು ತಾಗಿರುವ ಕಡೆ ತೇವ ಸೇರಿದರೆ ಬಿಳಿ ಪುಡಿಯಾಗಿ ಉದುರುತ್ತದೆ. ಬಿರುಕು ಕಂಡರೆ ವೆಲ್ಡ್ ಮಾಡಿಸುವ ಮಾತೇ ಬೇಡ. ಅನೇಕರು ಅಸಲಿ ಜೊತೆಯನ್ನು ಪ್ರದರ್ಶನಕ್ಕೆ ಇಟ್ಟು, ಅದೇ ನಮೂನೆಯ ಅಲ್ಯೂಮಿನಿಯಂ ಚಕ್ರದಲ್ಲಿ ರೇಸ್ ಮಾಡುತ್ತಾರೆ. ಆ ಆಯ್ಕೆಯನ್ನು ಅಂಜುಬುರುಕತನ ಎನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ.

ವಿಂಟೇಜ್ ರೇಸ್‌ನ ಹಲವು ವರ್ಗಗಳಲ್ಲಿ ಇಂದಿಗೂ ಬಯಾಸ್ ಟೈರುಗಳೇ (ಒಳಗಿನ ದಾರಗಳನ್ನು ಓರೆಯಾಗಿ ಹಾಕಿದ ಹಳೆಯ ಬಗೆ). ಅವುಗಳ ಗೋಡೆ ರೇಡಿಯಲ್‌ನಂತೆ ಮೆತ್ತಗೆ ಬಾಗುವುದಿಲ್ಲ, ಹಾಗಾಗಿ ಹೆಚ್ಚು ನೆಗೆಟಿವ್ ಕ್ಯಾಂಬರ್ ಸಹಿಸುವುದಿಲ್ಲ. ಮುಂದೆ ಮೈನಸ್ 1ರಿಂದ ಮೈನಸ್ 1.5 ಡಿಗ್ರಿ ಕ್ಯಾಂಬರ್, 3ರಿಂದ 4 ಡಿಗ್ರಿ ಕ್ಯಾಸ್ಟರ್, 1.5 ಮಿ.ಮೀ. ಟೋ-ಔಟ್ ಎಂದು ಶುರುಮಾಡಬಹುದು. ರೇಡಿಯಲ್‌ಗೆ ಕೊಡುವ ಮೈನಸ್ 2.5 ಇಲ್ಲಿ ಕೊಟ್ಟರೆ ಒಳ ಅಂಚು ಮಾತ್ರ ಕಾದು ಸವೆಯುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಬೇಗ ಲಾಕ್ ಆಗುತ್ತದೆ. ಅಂತಿಮ ತೀರ್ಪು ಟೈರಿನದೇ. ಕೆಲವು ಜೋರು ಸುತ್ತಿನ ನಂತರ ನಿಧಾನ ಸುತ್ತು ಹೊಡೆಯದೆ ನೇರ ಪಿಟ್‌ಗೆ ಬಂದು, ರಬ್ಬರಿನೊಳಗೆ ಚುಚ್ಚುವ ಸೂಜಿ ಥರ್ಮಾಮೀಟರಿನಿಂದ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಿರಿ. ಒಳಗೆ ಹೊರಗಿಗಿಂತ 5ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಕ್ಯಾಂಬರ್ ಸರಿ. ನಡುವೆ ಮಾತ್ರ ಹೆಚ್ಚು ಬಿಸಿಯಿದ್ದರೆ ಗಾಳಿ ಜಾಸ್ತಿ. ಎರಡು ಅಂಚು ಬಿಸಿ, ನಡು ತಣ್ಣಗಿದ್ದರೆ ಗಾಳಿ ಕಡಿಮೆ.

ಅರ್ಧ ಇಂಚಿನ ಸ್ಟಡ್‌ಗೆ ಟಾರ್ಕ್ 75ರಿಂದ 85 ಪೌಂಡ್-ಅಡಿ, ಅಂದರೆ 100ರಿಂದ 115 ನ್ಯೂಟನ್-ಮೀಟರ್. ಕ್ಯಾಮರೊದ ಮೂಲ 7/16 ಇಂಚಿನ ಸ್ಟಡ್‌ಗಳನ್ನು ರೇಸ್‌ಗೆ ಅರ್ಧ ಇಂಚಿನವಕ್ಕೆ ಬದಲಿಸುವುದು ವಾಡಿಕೆ. ನಟ್ ತುದಿ ತೆರೆದಿರಲಿ. ಸ್ಟಡ್ ನಟ್ಟಿನಿಂದ ಆಚೆ ಹೊರಬಂದದ್ದು ಕಣ್ಣಿಗೆ ಕಾಣಬೇಕು. ಬಿಗಿದ ಮೇಲೆ ನಟ್ಟಿನಿಂದ ಚಕ್ರದವರೆಗೆ ಬಣ್ಣದ ಗೆರೆ ಎಳೆದು, ಮೊದಲ ಓಟದ ನಂತರ ಚಕ್ರ ತಣಿದಾಗ ಮತ್ತೆ ಟಾರ್ಕ್ ನೋಡಿ. ಗೆರೆ ಸರಿದಿದ್ದರೆ ಮತ್ತೊಮ್ಮೆ ಬಿಗಿದು ಟ್ರ್ಯಾಕಿಗೆ ಇಳಿಯಬೇಡಿ. ಚಕ್ರ ಬಿಚ್ಚಿ ನೋಡಿ: ಹಬ್ಬಿನ ಮುಖದಲ್ಲಿ ಬಣ್ಣದ ಪದರ ಸಿಕ್ಕಿಕೊಂಡಿರುತ್ತದೆ, ಬ್ರೇಕ್ ಡಿಸ್ಕನ್ನು ಹಿಡಿದ ತಗಡಿನ ಕ್ಲಿಪ್ ಉಳಿದಿರುತ್ತದೆ, ಇಲ್ಲವೇ ನಟ್ ಕೂರುವ ಓರೆ ತೂತು ಅರಳಿರುತ್ತದೆ. ಮೊದಲೆರಡಕ್ಕೆ ತಂತಿ ಬ್ರಷ್ಷು, ಇಕ್ಕಳ ಸಾಕು. ಮೂರನೆಯದಾದರೆ ಆ ಚಕ್ರ ಮತ್ತೆ ಕಾರಿಗೆ ಏರಬಾರದು.